ನಾಲ್ಕು ದಿನದ ಗಾಲಿಮನೆ

ಮಕ್ಕಳೇ, ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಟ್ರೇಲರನ್ನು ನೀವು ದಿನವೂ ನೋಡುತ್ತೀರಿ. ನಮ್ಮ ಕಡೆ ಅದಕ್ಕೆ ‘ಡಬ್ಬಿ’ ಎನ್ನುತ್ತೇವೆ. ಹೊಲಕ್ಕೆ ಗೊಬ್ಬರ, ಮನೆಗೆ ಕಣಿಕೆ, ಕಾರ್ಖಾನೆಗೆ ಕಬ್ಬು ಎಲ್ಲವೂ ಡಬ್ಬಿಯಲ್ಲೇ ಸಾಗಬೇಕು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ಕಬ್ಬಿನ ಹಂಗಾಮು ಶುರುವಾಯಿತೆಂದರೆ ಹಗಲು ರಾತ್ರಿ ರಸ್ತೆಯ ತುಂಬ ಡಬ್ಬಿಗಳೇ.

ಇದೇ ಡಬ್ಬಿ ವರ್ಷಕ್ಕೊಮ್ಮೆ ಮನೆಯೂ ಆಗುತ್ತದೆ. ಯಾವಾಗ ಎಂದು ಹೇಳಬಲ್ಲಿರಾ? ಹೌದು, ಜಾತ್ರೆಯಲ್ಲಿ! ರಾಯಬಾಗ ತಾಲ್ಲೂಕಿನ ಚಿಂಚಲಿಯಲ್ಲಿ ಮಾಘ ಮಾಸದ ಭಾರತ ಹುಣ್ಣಿಮೆಗೆ ಮಾಯಕ್ಕದೇವಿಯ ಜಾತ್ರೆ ಕೂಡುತ್ತದೆ. ಕರ್ನಾಟಕದಿಂದಲೂ ಮಹಾರಾಷ್ಟ್ರದಿಂದಲೂ ಬಹಳ ಜನ ಬರುತ್ತಾರೆ. ಹಿಂದೆ ಎಲ್ಲರೂ ಬಿದಿರಿನ ಕಮಾನಿಗೆ ಬಟ್ಟೆ ಹೊದಿಸಿದ ಕೊಲ್ಲಾರಿ ಚಕ್ಕಡಿಗಳಲ್ಲಿ ಬರುತ್ತಿದ್ದರು. ಈಗಲೂ ಚಕ್ಕಡಿಗಳು ಬರುತ್ತವೆ, ಆದರೆ ಅವುಗಳ ಪಕ್ಕದಲ್ಲಿ ಡಬ್ಬಿಗಳೂ ನಿಂತಿರುತ್ತವೆ. ಹೊಲದಲ್ಲಿ ಸಾಲಾಗಿ ನಿಂತ ಆ ಗಾಡಿಗಳಲ್ಲೇ ಅಡುಗೆ, ಊಟ, ನಿದ್ದೆ.

ಗಾಡಿಯನ್ನೇ ಮನೆ ಮಾಡಿಕೊಳ್ಳುವ ಪದ್ಧತಿ ಬೇರೆ ದೇಶಗಳಲ್ಲೂ ಇದೆ. ಇಂಗ್ಲೆಂಡಿನಲ್ಲಿ ಅದನ್ನು ಕ್ಯಾರವಾನ್ ಎನ್ನುತ್ತಾರೆ. 1885ರಲ್ಲಿ ಗಾರ್ಡನ್ ಸ್ಟೇಬಲ್ಸ್ ಎಂಬ ವೈದ್ಯರು ಕುದುರೆಗಳು ಎಳೆಯುವ ಅಂಥದೊಂದು ಮನೆಯನ್ನು ಕಟ್ಟಿಸಿಕೊಂಡು ದೇಶ ಸುತ್ತಿದರು. ಅವರು ಮಕ್ಕಳಿಗಾಗಿ ಕಥೆಗಳನ್ನೂ ಬರೆಯುತ್ತಿದ್ದರು. ಅವರ ಗಾಡಿಯ ಮುಂದೆ ಒಬ್ಬ ಸೇವಕ ಮೂರು ಗಾಲಿಯ ಸೈಕಲ್ ತುಳಿಯುತ್ತ ಹೋಗುತ್ತಿದ್ದ. ಏಕೆ ಗೊತ್ತೇ? ‘ಹಿಂದೆ ದೊಡ್ಡ ಗಾಡಿ ಬರುತ್ತಿದೆ’ ಎಂದು ಎದುರಿನವರಿಗೆ ತಿಳಿಸಲು! ಈ ಸೇವಕನನ್ನು ನೆನಪಿನಲ್ಲಿಟ್ಟುಕೊಳ್ಳಿ. ಅವನ ಕೆಲಸ ನಮಗೆ ಮುಂದೆ ಬೇಕಾಗುತ್ತದೆ.

ನೋಟ್‌ಬುಕ್ಕಿನಲ್ಲಿ ತಕರಾರುಗಳು

ನಮ್ಮ ಮನೆ ಇರುವುದು ಕಾಗವಾಡ ತಾಲ್ಲೂಕಿನ ಉಗಾರದ ಹತ್ತಿರದ ಒಂದು ಹಳ್ಳಿಯಲ್ಲಿ. ನಮ್ಮ ಕಾಕಾನ ಡಬ್ಬಿ ಎರಡು ಗಾಲಿಯದು. ಸುಮಾರು 10 ಅಡಿ ಉದ್ದ, 6 ಅಡಿ ಅಗಲ. ಟ್ರೇಲರ್ ಎಂಬುದು ಸರಕು ಸಾಗಿಸುವ ವಾಹನ. ಅದರಲ್ಲಿ ಜನರನ್ನು ಕೂರಿಸಿಕೊಂಡು ಹೋಗಲು ಕಾನೂನು ಒಪ್ಪುವುದಿಲ್ಲ. ಆದ್ದರಿಂದ ನಾವೆಲ್ಲ ಉಗಾರ ಖುರ್ದದಲ್ಲಿ ರೈಲು ಹತ್ತಿ, ಕುಡಚಿ ದಾಟಿ ಚಿಂಚಲಿಯಲ್ಲಿ ಇಳಿಯುತ್ತೇವೆ. ಕಾಕಾ ಮಾತ್ರ ಟ್ರ್ಯಾಕ್ಟರ್ ನಡೆಸಿಕೊಂಡು ಕೃಷ್ಣೆಯ ಸೇತುವೆ ದಾಟಿ ಸಾಮಾನು ತರುತ್ತಾನೆ. ಹೊಲದಲ್ಲಿ ಡಬ್ಬಿ ನಿಲ್ಲಿಸಿ, ಟ್ರ್ಯಾಕ್ಟರ್ ಬಿಚ್ಚಿಕೊಂಡು ಊರಿಗೆ ಮರಳುತ್ತಾನೆ. ಮುಂದೆ ನಾಲ್ಕು ದಿನ ಡಬ್ಬಿಯೇ ನಮ್ಮ ಮನೆ.

ಮೊದಲ ಸಲ ಹೋದಾಗ ಮನೆಯವರೆಲ್ಲರಿಗೂ ಒಂದಲ್ಲ ಒಂದು ತ್ರಾಸ. ನಮ್ಮ ಆಯಿ, ಎಂದರೆ ಅಜ್ಜಿ, ಬೆಳಗ್ಗೆ ಎದ್ದವಳೇ, “ರಾತ್ರಿಯೆಲ್ಲ ಬೆನ್ನ ಥಂಡಿ ಹತ್ತಿ ನಿದ್ದೀನ ಬರಲಿಲ್ಲ” ಎಂದಳು. ಮಧ್ಯಾಹ್ನ ಒಳಗೆ ಕೂಡಲಾಗದಷ್ಟು ಕಾವು. ಕುಡಿಯುವ ನೀರು ಬಿಸಿ. ರಾತ್ರಿ ಕತ್ತಲು. ಇದನ್ನೆಲ್ಲ ಕೇಳುತ್ತಿದ್ದ ಅಣ್ಣನ ಮಗಳು ಆಗ ಆರನೇ ತರಗತಿಯಲ್ಲಿದ್ದಳು. ಅವಳು ನೋಟ್‌ಬುಕ್ ತೆಗೆದು ಒಂದೊಂದೇ ತಕರಾರು ಬರೆದುಕೊಂಡಳು. ಪ್ರತಿಯೊಂದರ ಮುಂದೆ ‘ಏಕೆ?’ ಎಂದು ಬರೆದು ಜಾಗ ಬಿಟ್ಟಳು.

ಅದನ್ನು ನೋಡಿ ಕಾಕಾ ನಕ್ಕ. “ಏನವಾ, ಹೊಸಾ ಡಬ್ಬಿ ಕೊಡಸ್ತೀ ಏನು?” ಎಂದ.

“ಹೊಸಾದ ಯಾಕ ಬೇಕ ಅಜ್ಜಾ, ಇದನ್ನ ಛಲೋ ಮಾಡೂಣು” ಎಂದಳು ಅವಳು.

ಮುಂದಿನ ಜಾತ್ರೆಯ ಹೊತ್ತಿಗೆ ನಾನೂ ಅವಳೂ ಸೇರಿ ಆ ಪಟ್ಟಿಯನ್ನು ಕೈಗೆತ್ತಿಕೊಂಡೆವು.

ಡಬ್ಬಿಯೂ ಒಂದು ತಕ್ಕಡಿ

ಪಟ್ಟಿಯ ಮೊದಲ ಸಾಲು ಹೀಗಿತ್ತು: ‘ಹಿಂದಿನ ಅಂಚಿಗೆ ಇಬ್ಬರು ಹತ್ತಿದರೆ ಡಬ್ಬಿ ಮುಂದಿನಿಂದ ಮೇಲೇಳುತ್ತದೆ. ಏಕೆ?’

ಪೆನ್ಸಿಲಿನ ಮೇಲೆ ಅಡಿಪಟ್ಟಿಯನ್ನು ಅಡ್ಡವಾಗಿ ಇಡಿ. ಒಂದು ತುದಿಗೆ ರಬ್ಬರ್ ಇಟ್ಟರೆ ಆ ತುದಿ ಕೆಳಗಿಳಿದು ಇನ್ನೊಂದು ತುದಿ ಮೇಲೇಳುತ್ತದೆ. ಇದೇ ಸನ್ನೆಯ ತತ್ತ್ವ. ಎರಡು ಗಾಲಿಯ ಡಬ್ಬಿಯಲ್ಲಿ ಗಾಲಿಯ ಅಚ್ಚು ಪೆನ್ಸಿಲಿನಂತೆ, ಡಬ್ಬಿ ಅಡಿಪಟ್ಟಿಯಂತೆ. ಟ್ರ್ಯಾಕ್ಟರಿಗೆ ಜೋಡಿಸಿದಾಗ ಕೊಂಡಿ ಮುಂದಿನ ತುದಿಯನ್ನು ಹಿಡಿದಿಟ್ಟಿರುತ್ತದೆ. ಟ್ರ್ಯಾಕ್ಟರ್ ಬಿಚ್ಚಿದ ಮೇಲೆ ಹಿಡಿಯುವವರು ಯಾರು?

ಉಪಾಯ ಸುಲಭವಾಗಿತ್ತು. ಮುಂದೆ ಕಬ್ಬಿಣದ ಸ್ಟ್ಯಾಂಡ್ ಇದ್ದೇ ಇತ್ತು. ಹಿಂದೆ ಎರಡು ಮೂಲೆಗಳ ಕೆಳಗೆ ದಪ್ಪ ಮರದ ತುಂಡುಗಳನ್ನು ಆಸರೆಯಾಗಿ ಕೊಟ್ಟೆವು. ಗಾಲಿಗಳ ಹಿಂದೆ ಮುಂದೆ ಕಲ್ಲು ಇಟ್ಟೆವು. ಡಬ್ಬಿ ಅಲುಗದಂತಾಯಿತು. ಈ ಕೆಲಸವನ್ನು ದೊಡ್ಡವರೇ ಮಾಡಬೇಕು. ಆಸರೆ ಕೊಡುವಾಗ ಯಾರೂ ಡಬ್ಬಿಯ ಕೆಳಗೆ ನುಸುಳಬಾರದು.

ಸಾಮಾನು ಹೇರುವಾಗಲೂ ಇದೇ ತತ್ತ್ವ ನೆನಪಿರಬೇಕು. ಹಿಟ್ಟಿನ ಚೀಲ, ನೀರಿನ ಕ್ಯಾನು, ಪಾತ್ರೆಗಳಂಥ ಭಾರದ ವಸ್ತುಗಳನ್ನು ಕೆಳಗೆ, ಅಚ್ಚಿನಿಂದ ತುಸು ಮುಂದಕ್ಕೆ ಇಡಬೇಕು. ಎಲ್ಲ ಭಾರ ಹಿಂದೆ ಬಿದ್ದರೆ ಕೊಂಡಿ ಮೇಲಕ್ಕೆ ಎಳೆಯುತ್ತದೆ, ಡಬ್ಬಿ ಓಲಾಡುತ್ತದೆ. ಎಲ್ಲ ಭಾರ ಮೇಲಿದ್ದರೆ ತಿರುವಿನಲ್ಲಿ ಮಗುಚುವ ಭಯ.

ಆಯಿಯ ಬೆನ್ನು, ಕಬ್ಬಿನ ರವದಿ

ಡಬ್ಬಿಯ ತಳ ಕಬ್ಬಿಣದ ತಗಡು. ಕಬ್ಬಿಣ ಒಳ್ಳೆಯ ಉಷ್ಣವಾಹಕ. ಮಾಘದ ರಾತ್ರಿ ಅದು ಬೇಗನೆ ತಣ್ಣಗಾಗುತ್ತದೆ. ಅದರ ಮೇಲೆ ತೆಳು ಚಾದರ ಹಾಸಿ ಮಲಗಿದರೆ ನಮ್ಮ ಮೈಯ ಬಿಸಿ ತಗಡಿಗೆ ಹರಿದುಹೋಗುತ್ತದೆ. ಆಯಿಯ ಬೆನ್ನಿಗೆ ಥಂಡಿ ಹತ್ತಲು ಇದೇ ಕಾರಣ.

ನಮ್ಮ ಹೊಲದಲ್ಲಿ ಕಬ್ಬು ಕಡಿದ ಮೇಲೆ ಉಳಿಯುವ ಒಣ ಗರಿ, ಅಂದರೆ ರವದಿ, ಬೇಕಾದಷ್ಟಿತ್ತು. ಅದನ್ನು ಗೋಣಿಚೀಲಗಳಲ್ಲಿ ತುಂಬಿ ಬಾಯಿ ಹೊಲಿದೆವು. ತಗಡಿನ ಮೇಲೆ ಈ ಚೀಲಗಳು, ಅದರ ಮೇಲೆ ಕಂಬಳಿ. ರವದಿಯ ಎಳೆಗಳ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ. ಅಲುಗದೆ ನಿಂತ ಗಾಳಿ ಉಷ್ಣವನ್ನು ಸುಲಭವಾಗಿ ಸಾಗಿಸುವುದಿಲ್ಲ. ಕಂಬಳಿಯ ಉಣ್ಣೆಯಲ್ಲೂ ಇದೇ ಗುಟ್ಟು. ಆ ವರ್ಷ ಆಯಿ ಸೂರ್ಯ ಮೇಲೆ ಬರುವವರೆಗೂ ಏಳಲಿಲ್ಲ!

ಆದರೆ ರವದಿ ಬೆಂಕಿಗೆ ಬಲು ಬೇಗ ಹತ್ತಿಕೊಳ್ಳುತ್ತದೆ. ಆದ್ದರಿಂದ ಒಲೆ, ಲಾಟೀನು, ಊದುಬತ್ತಿ ಯಾವುದೂ ಡಬ್ಬಿಯ ಒಳಗೆ ಬರಬಾರದೆಂದು ನಿಯಮ ಮಾಡಿದೆವು. ಅಡುಗೆಯ ಒಲೆಯನ್ನು ಗಾಳಿ ಬೀಸುವ ದಿಕ್ಕು ನೋಡಿ ದೂರದಲ್ಲಿ ಹೂಡಿದೆವು. ಹತ್ತಿರದಲ್ಲಿ ಒಂದು ಬಕೆಟ್ ನೀರು, ಒಂದು ಬುಟ್ಟಿ ಮಣ್ಣು. ಥಂಡಿಯೆಂದು ಕೆಲವರು ತಾಡಪತ್ರಿಯೊಳಗೆ ಕೆಂಡದ ಶೆಗಡಿ ಇಟ್ಟುಕೊಂಡು ಮಲಗುತ್ತಾರೆ. ಇದು ಬಹಳ ಅಪಾಯ. ಗಾಳಿಯಾಡದ ಕಡೆ ಕೆಂಡ ಉರಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಸೇರಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರಿಗೆ ಗೊತ್ತೇ ಆಗದಂತೆ ಜೀವ ತೆಗೆಯುತ್ತದೆ.

ಎರಡು ಚಾವಣಿ, ನಡುವೆ ಗಾಳಿ

ಮೊದಲ ವರ್ಷ ಡಬ್ಬಿಯ ಮೇಲೆ ಕಪ್ಪು ತಾಡಪತ್ರಿಯನ್ನು ಬಿಗಿಯಾಗಿ ಕಟ್ಟಿದ್ದರು. ಕಪ್ಪು ಬಣ್ಣ ಬಿಸಿಲನ್ನು ಹೀರಿಕೊಳ್ಳುತ್ತದೆ. ಕಾದ ತಾಡಪತ್ರಿ ಕೆಳಗೆ ಕುಳಿತವರ ತಲೆಯ ಮೇಲೆ ಕಾವು ಸುರಿಸುತ್ತದೆ.

ನಾವು ಹಳೆಯ ಕೊಲ್ಲಾರಿ ಚಕ್ಕಡಿಗಳಿಂದಲೇ ಪಾಠ ಕಲಿತೆವು. ಸೀಳಿದ ಬಿದಿರನ್ನು ಬಗ್ಗಿಸಿ ಐದು ಕಮಾನು ಮಾಡಿದೆವು. ಅವುಗಳ ಮೇಲೆ ತಾಡಪತ್ರಿ ಹೊದಿಸಿದೆವು. ಅದರ ಮೇಲೆ ಒಂದು ಗೇಣು ಎತ್ತರದಲ್ಲಿ, ಅಜ್ಜನ ಹಳೆಯ ಬಿಳಿ ಧೋತರಗಳನ್ನು ಹೊಲಿದು ಇನ್ನೊಂದು ಚಾವಣಿ ಕಟ್ಟಿದೆವು. ಬಿಳಿ ಬಟ್ಟೆ ಬಿಸಿಲಿನ ಹೆಚ್ಚು ಪಾಲನ್ನು ತಿರುಗಿಸಿ ಕಳಿಸುತ್ತದೆ. ಎರಡು ಚಾವಣಿಗಳ ನಡುವೆ ಬಿಸಿಯಾದ ಗಾಳಿಯನ್ನು ಬೀಸುಗಾಳಿ ಹೊತ್ತುಕೊಂಡು ಹೋಗುತ್ತದೆ. ಹಿಂದೆ ಮುಂದೆ ತೆರೆದಿಟ್ಟದ್ದರಿಂದ ಒಳಗೂ ಗಾಳಿ ಆಡಿತು.

ಮಾಡಿ ನೋಡಿ: ಒಂದೇ ಅಳತೆಯ ಎರಡು ತಗಡಿನ ಡಬ್ಬ ತೆಗೆದುಕೊಳ್ಳಿ. ಒಂದಕ್ಕೆ ಕಪ್ಪು ಕಾಗದ, ಇನ್ನೊಂದಕ್ಕೆ ಬಿಳಿ ಕಾಗದ ಸುತ್ತಿ. ಎರಡರಲ್ಲೂ ಸಮನಾಗಿ ನೀರು ತುಂಬಿ ಒಂದು ತಾಸು ಬಿಸಿಲಿನಲ್ಲಿಡಿ. ಶಾಲೆಯ ತಾಪಮಾಪಕದಿಂದ ಅಳೆದು ಬರೆದುಕೊಳ್ಳಿ. ಆಮೇಲೆ ಇನ್ನೊಂದು ಕಪ್ಪು ಡಬ್ಬದ ಮೇಲೆ ಒಂದು ಗೇಣು ಎತ್ತರದಲ್ಲಿ ಬಿಳಿ ಬಟ್ಟೆ ಕಟ್ಟಿ ಅಳೆಯಿರಿ. ಏನು ವ್ಯತ್ಯಾಸ ಕಂಡಿತು?

ಬೆವರುವ ಕೊಡ

ಕುಡಿಯುವ ನೀರಿಗೆ ಮಣ್ಣಿನ ಕೊಡ ತಂದೆವು. ಅದಕ್ಕೆ ಒದ್ದೆ ಗೋಣಿ ಸುತ್ತಿ, ನೆರಳಿರುವ, ಗಾಳಿ ನುಸುಳುವ ಮೂಲೆಯಲ್ಲಿಟ್ಟೆವು. ನೀರು ಆವಿಯಾಗಲು ಉಷ್ಣ ಬೇಕು. ಆ ಉಷ್ಣದ ಬಹುಪಾಲನ್ನು ಅದು ಕೊಡದ ನೀರಿನಿಂದಲೇ ಪಡೆಯುತ್ತದೆ. ಹಾಗಾಗಿ ಉಳಿದ ನೀರು ತಣ್ಣಗಾಗುತ್ತದೆ.

ಎಷ್ಟು ತಣ್ಣಗೆ? ಲೆಕ್ಕ ಮಾಡೋಣ. 1 ಗ್ರಾಂ ನೀರನ್ನು 1 ಡಿಗ್ರಿ ಸೆಲ್ಸಿಯಸ್ ಬಿಸಿ ಮಾಡಲು 1 ಕ್ಯಾಲೊರಿ ಉಷ್ಣ ಸಾಕು. ಆದರೆ ಅದೇ 1 ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಬೇಕು! ಎರಡು ಚಿಕ್ಕ ಚಮಚ, ಅಂದರೆ 10 ಗ್ರಾಂ ನೀರು ಆವಿಯಾದರೆ 5,800 ಕ್ಯಾಲೊರಿ ಹೋಯಿತು. ಅಷ್ಟೂ ಉಷ್ಣ 1 ಲೀಟರ್ ನೀರಿನಿಂದಲೇ ಹೋದರೆ ಅದು ಸುಮಾರು 6 ಡಿಗ್ರಿ ತಣ್ಣಗಾಗುತ್ತದೆ. ಹೊರಗಿನ ಕಾವು ಒಳಬರುತ್ತಲೇ ಇರುವುದರಿಂದ ನಿಜವಾಗಿ ಇಳಿಯುವುದು ಇದಕ್ಕಿಂತ ಕಡಿಮೆ. ಆದರೂ ಕುಡಿದವರ ಗಂಟಲಿಗೆ ವ್ಯತ್ಯಾಸ ಗೊತ್ತಾಗುತ್ತದೆ.

ಬೆಳಕಿಗೆ ಒಂದು ಎಲ್‌ಇಡಿ ಬ್ಯಾಟರಿ ಕೊಂಡೆವು. ಅದರ ಬೆಳಕು ಒಂದೇ ಕಡೆ ಬೀಳುತ್ತಿತ್ತು. ಅಣ್ಣನ ಮಗಳು ಒಂದು ಪಾರದರ್ಶಕ ಬಾಟಲಿಯಲ್ಲಿ ನೀರು ತುಂಬಿ, ಎರಡು ಹನಿ ಹಾಲು ಬೆರೆಸಿ, ಉರಿಯುವ ಬ್ಯಾಟರಿಯ ಮೇಲಿಟ್ಟಳು. ಹಾಲಿನ ಕಣಗಳು ಬೆಳಕನ್ನು ಎಲ್ಲ ಕಡೆ ಚದುರಿಸಿದವು. ಬಾಟಲಿಯೇ ದೀಪವಾಯಿತು!

ಯಾರೂ ಹೇಳದ ತಕರಾರು

ಪಟ್ಟಿಯಲ್ಲಿದ್ದ ಎಲ್ಲ ಸಾಲುಗಳೂ ಮುಗಿದವು. ಆದರೆ ಅದರಲ್ಲಿ ಇಲ್ಲದ ಒಂದು ಕೆಲಸ ಉಳಿದಿತ್ತು. ಡಬ್ಬಿಯೊಳಗೆ ಇರುವವರು ಯಾರೂ ಅದನ್ನು ಹೇಳಿರಲಿಲ್ಲ. ಏಕೆಂದರೆ ಆ ತ್ರಾಸ ಒಳಗಿನವರದಲ್ಲ, ಹಿಂದಿನಿಂದ ಬರುವವರದು.

ಅದೇ ವರ್ಷ ಡಿಸೆಂಬರಿನಲ್ಲಿ ನಮ್ಮೂರಿನ ಹೊರಗೆ ಕಬ್ಬು ಹೇರಿದ ಒಂದು ಡಬ್ಬಿ ಪಂಕ್ಚರ್ ಆಗಿ ರಾತ್ರಿ ರಸ್ತೆಯಲ್ಲೇ ನಿಂತಿತ್ತು. ಹಿಂದೆ ದೀಪವಿಲ್ಲ. ನಮ್ಮ ಓಣಿಯ ಒಬ್ಬ ಯುವಕ ಹಾಲು ಹಾಕಿ ಬೈಕಿನಲ್ಲಿ ಮರಳುತ್ತಿದ್ದ. ನೇರವಾಗಿ ಡಬ್ಬಿಗೆ ಬಡಿದ. ಜೀವ ಉಳಿಯಿತು. ಕಾಲು ಮುರಿದು ತಿಂಗಳುಗಟ್ಟಲೆ ಹಾಸಿಗೆ ಹಿಡಿದ. ನೋಡಲು ಹೋದಾಗ ಅವನು ಹೇಳಿದ್ದು ಇಷ್ಟೇ: “ಡಬ್ಬಿ ಕಾಣಲೇ ಇಲ್ಲರೀ. ಮುಂದ ಬರೇ ಕತ್ತಲ ಇತ್ತು.”

ಏಕೆ ಕಾಣಲಿಲ್ಲ? ಲೆಕ್ಕ ಹಾಕಿ. ಗಂಟೆಗೆ 60 ಕಿಲೋಮೀಟರ್ ವೇಗವೆಂದರೆ 3,600 ಸೆಕೆಂಡಿಗೆ 60,000 ಮೀಟರ್. ಒಂದು ಸೆಕೆಂಡಿಗೆ ಸುಮಾರು 17 ಮೀಟರ್. ಮೂರು ಸೆಕೆಂಡಿನಲ್ಲಿ 50 ಮೀಟರ್ ದಾಟಿರುತ್ತೇವೆ. ನೋಡಬೇಕು, ತಿಳಿಯಬೇಕು, ಬ್ರೇಕ್ ಹಾಕಬೇಕು, ಗಾಡಿ ನಿಲ್ಲಬೇಕು. ಧೂಳು ಹಿಡಿದ ಡಬ್ಬಿ ತನ್ನ ಮೇಲೆ ಬಿದ್ದ ಬೆಳಕನ್ನು ಎಲ್ಲ ಕಡೆ ಚದುರಿಸುತ್ತದೆ. ಸವಾರನ ಕಣ್ಣಿಗೆ ಮರಳುವುದು ಬಹಳ ಸ್ವಲ್ಪ. ಅದು ಕಾಣುವಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಇಲ್ಲಿ ಸ್ಟೇಬಲ್ಸ್ ಅವರ ಸೇವಕನನ್ನು ನೆನೆಯಿರಿ. ನಮ್ಮ ಡಬ್ಬಿಗೂ ಅಂಥ ಒಬ್ಬ ಸೇವಕ ಬೇಕು, ಆದರೆ ಹಿಂದುಗಡೆ. ಆ ಕೆಲಸ ಮಾಡುವುದೇ ಅಂಗಡಿಯಲ್ಲಿ ‘ರೇಡಿಯಂ’ ಎಂದು ಕೇಳಿ ಕೊಳ್ಳುವ ಹೊಳೆಯುವ ಪಟ್ಟಿ. ಹೆಸರು ಹಾಗಿದ್ದರೂ ಅದರಲ್ಲಿ ರೇಡಿಯಂ ಇಲ್ಲ. ಮೇರಿ ಕ್ಯೂರಿ ಮತ್ತು ಪಿಯರೆ ಕ್ಯೂರಿ 1898ರಲ್ಲಿ ಕಂಡುಹಿಡಿದ ರೇಡಿಯಂ ಬೇರೆಯೇ. ಈ ಪಟ್ಟಿ ತಾನಾಗಿ ಬೆಳಗುವುದೂ ಇಲ್ಲ. ಇದರಲ್ಲಿರುವುದು ಅತಿ ಚಿಕ್ಕ ಗಾಜಿನ ಮಣಿಗಳು ಅಥವಾ ಪುಟ್ಟ ಪಟ್ಟಕಗಳು. ಬೆಳಕು ಯಾವ ದಿಕ್ಕಿನಿಂದ ಬಂತೋ ಅದೇ ದಿಕ್ಕಿಗೆ ಅವು ಅದನ್ನು ಮರಳಿ ಕಳಿಸುತ್ತವೆ. ಬೈಕಿನ ದೀಪದ ಬೆಳಕು ಬೈಕಿನ ಕಡೆಗೇ ತಿರುಗಿ ಬರುತ್ತದೆ. ಆದ್ದರಿಂದ ಸವಾರನಿಗೆ ಪಟ್ಟಿ ದೂರದಿಂದಲೇ ಉರಿಯುವಂತೆ ಕಾಣುತ್ತದೆ. ಇಂಗ್ಲೆಂಡಿನ ಪರ್ಸಿ ಶಾ 1934ರಲ್ಲಿ ಪೇಟೆಂಟ್ ಪಡೆದ ರಸ್ತೆಯ ‘ಬೆಕ್ಕಿನ ಕಣ್ಣು’ಗಳೂ ಹೀಗೆಯೇ ಕೆಲಸ ಮಾಡುತ್ತವೆ.

ಮಾಡಿ ನೋಡಿ: ಕತ್ತಲ ಕೋಣೆಯಲ್ಲಿ ಗೋಡೆಗೆ ಒಂದು ಕನ್ನಡಿ, ಒಂದು ರೇಡಿಯಂ ಚೂರು ಅಂಟಿಸಿ. ಬ್ಯಾಟರಿಯನ್ನು ಕಿವಿಯ ಪಕ್ಕ ಹಿಡಿದು ಓರೆಯಾಗಿ ನಿಂತು ಬೆಳಕು ಬಿಡಿ. ಕನ್ನಡಿ ಕಪ್ಪಾಗಿ ಕಾಣುತ್ತದೆ, ಏಕೆಂದರೆ ಅದು ಬೆಳಕನ್ನು ಆಚೆ ಕಡೆಗೆ ಕಳಿಸಿತು. ಪಟ್ಟಿ ಹೊಳೆಯುತ್ತದೆ. ಈಗ ಬ್ಯಾಟರಿಯನ್ನು ಗೆಳೆಯನ ಕೈಗೆ ಕೊಟ್ಟು ದೂರ ನಿಲ್ಲಿಸಿ. ನಿಮಗೆ ಪಟ್ಟಿ ಮಂಕಾಗಿ ಕಾಣುತ್ತದೆ, ಅವನಿಗೆ ಹೊಳೆಯುತ್ತದೆ! ಮರಳಿದ ಬೆಳಕು ಯಾರ ಕಡೆ ಹೋಯಿತು ಎಂದು ತಿಳಿಯಿತಲ್ಲವೇ?

ಟ್ರೇಲರುಗಳ ಹಿಂಬದಿಯ ಎರಡೂ ಬದಿಗೆ ಕೆಂಪು ಪ್ರತಿಫಲಕಗಳು ಇರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ನಾವು ತಗಡಿನ ಧೂಳು, ಜಂಗು ಉಜ್ಜಿ ತೆಗೆದು, ಒಣಗಿಸಿ, ಹಿಂದೆ ಕೆಂಪು, ಬದಿಗೆ ಹಳದಿ, ಮುಂದೆ ಬಿಳಿ ಪಟ್ಟಿ ಅಂಟಿಸಿದೆವು. ಹಿಂದಿನ ಪಟ್ಟಿಗಳನ್ನು ಎರಡೂ ತುದಿಯ ಅಂಚಿನಲ್ಲೇ ಹಚ್ಚಿದೆವು. ಆಗ ಡಬ್ಬಿ ಎಷ್ಟು ಅಗಲವಿದೆ ಎಂಬುದೂ ಹಿಂದಿನವರಿಗೆ ತಿಳಿಯುತ್ತದೆ.

ಕಾಕಾ ಇನ್ನೊಂದು ಮಾತು ಹೇಳಿದ. “ಕಬ್ಬ ಹೇರಿದ ಮ್ಯಾಲೆ ಅದರ ತುದಿ ಹಿಂದ ಇಳೀಬಿದ್ದ ಪಟ್ಟೀನ ಮುಚ್ಚತೈತಿ. ಆವಾಗೇನು?” ಅದು ನಿಜ. ಅದಕ್ಕೆ ಒಂದು ಹಲಗೆಗೆ ಕೆಂಪು ಪಟ್ಟಿ ಅಂಟಿಸಿ, ಕಬ್ಬಿನ ಹೊರೆಯ ಹಿಂಭಾಗಕ್ಕೆ ಹಗ್ಗದಿಂದ ಕಟ್ಟುವಂತೆ ಮಾಡಿದೆವು. ಇದರಿಂದ ಜಾತ್ರೆಯ ನಾಲ್ಕು ದಿನಕ್ಕಷ್ಟೇ ಅಲ್ಲ, ಇಡೀ ಹಂಗಾಮಿಗೂ ಉಪಯೋಗವಾಯಿತು. ಡಬ್ಬಿ ಕೆಟ್ಟು ನಿಂತರೆ ಹಿಂದೆ ದೂರದಲ್ಲಿಡಲು ಹೊಳೆಯುವ ಒಂದು ತ್ರಿಕೋನವನ್ನೂ ಟ್ರ್ಯಾಕ್ಟರಿನಲ್ಲಿಟ್ಟೆವು. ನಿಂತ ಗಾಡಿಯ ಸುತ್ತ ಕಲ್ಲು ಇಟ್ಟು, ಹೊರಡುವಾಗ ಹಾಗೆಯೇ ಬಿಟ್ಟುಹೋಗುವುದನ್ನು ನೀವೂ ನೋಡಿರಬಹುದು. ಆ ಕಲ್ಲುಗಳೇ ಮುಂದೆ ಬರುವವನನ್ನು ಕೆಡವುತ್ತವೆ.

ನಾವು ಹೊಸದಾಗಿ ಕೊಂಡದ್ದು ಮಣ್ಣಿನ ಕೊಡ, ಬ್ಯಾಟರಿ, ರೇಡಿಯಂ ಪಟ್ಟಿ, ತ್ರಿಕೋನ. ಉಳಿದದ್ದೆಲ್ಲ ಮನೆಯಲ್ಲಿ, ಹೊಲದಲ್ಲಿ ಇದ್ದದ್ದೇ. ಕೆಲಸ ಮಾಡಿದ್ದು ‘ಏಕೆ?’ ಎಂಬ ಪ್ರಶ್ನೆ. ರವದಿಯ ಹಾಸಿಗೆ, ಬಿಳಿ ಚಾವಣಿ, ತಣ್ಣನೆಯ ನೀರು ಇವೆಲ್ಲ ನಮ್ಮ ಸುಖಕ್ಕೆ. ಕೆಂಪು ಪಟ್ಟಿ ಮಾತ್ರ ನಾವು ಎಂದೂ ಮುಖ ನೋಡದ ಯಾರೋ ಒಬ್ಬರಿಗಾಗಿ. ಅವರು ಪಟ್ಟಿಯನ್ನು ಕಂಡು ಪಕ್ಕಕ್ಕೆ ಸರಿದು ತಮ್ಮ ಮನೆ ಸೇರುತ್ತಾರೆ. ಅದು ನಮಗೆ ಗೊತ್ತೂ ಆಗುವುದಿಲ್ಲ. ಆದರೂ ಎಲ್ಲ ಸುಧಾರಣೆಗಳಲ್ಲಿ ದೊಡ್ಡದು ಅದೇ ಎಂದು ನನಗನ್ನಿಸುತ್ತದೆ.

ಮಕ್ಕಳೇ, ಈಗ ನಿಮ್ಮ ಸರದಿ. ನಿಮ್ಮ ಓಣಿಯಲ್ಲಿ ಮನೆಯ ಮುಂದೆ ನಿಂತಿರುವ ಡಬ್ಬಿ, ಚಕ್ಕಡಿಗಳನ್ನು ಹಗಲು ಹೊತ್ತಿನಲ್ಲಿ ಎಣಿಸಿ. ಎಷ್ಟಕ್ಕೆ ಹಿಂದೆ ಕೆಂಪು ಪಟ್ಟಿ ಇದೆ? ಎಷ್ಟು ಪಟ್ಟಿಗಳ ಮೇಲೆ ಕೆಸರು ಮೆತ್ತಿದೆ? ಪಟ್ಟಿ ಮಾಡಿ ನಿಮ್ಮ ಶಿಕ್ಷಕರಿಗೆ ತೋರಿಸಿ. ಕೆಸರು ಮೆತ್ತಿದ ಪಟ್ಟಿಯನ್ನು ಒಂದು ಒದ್ದೆ ಅರಿವೆಯಿಂದ ಒರೆಸಲು ನಿಮಗೆ ಒಂದು ನಿಮಿಷವೂ ಹಿಡಿಯದು.